ಭಾವನ ಫಸ್ಟ್ ಕ್ಲಾಸ್ ಸಿಗ್ನಲ್

ಇಂದು ಬೆಳಿಗ್ಗೆ ಚಹಾದ ಲೋಟ ಇನ್ನೂ ತುಟಿಗೆ ತಾಗಿರಲಿಲ್ಲ, ಭಾವನ ಫೋನ್ ಬಂತು. ರಾತ್ರಿಯ ಗಾಳಿಮಳೆಗೆ ನೆಟ್ ಹೋಗಿದೆಯೆಂದು ತಿಳಿಸಿದವರು, ದೋಷ ನನ್ನ ಕಡೆಯದೇ ಎಂಬ ತೀರ್ಪನ್ನೂ ಅದೇ ಉಸಿರಿನಲ್ಲಿ ಕೊಟ್ಟರು.

ನನ್ನ ಮನೆ ಗೋವಾದ ಫೋಂಡಾ ಪೇಟೆಯ ಅಂಚಿನಲ್ಲಿದೆ. ಅಕ್ಕನ ಮನೆ ಅಲ್ಲಿಂದ ಒಂದೂವರೆ ಕಿಲೋಮೀಟರ್ ಆಚೆ, ಕುಳಾಗರದ, ಅಂದರೆ ಅಡಿಕೆ ತೋಟದ ನಡುವೆ. ಅಷ್ಟು ದೂರ ಕೇಬಲ್ ಎಳೆಯಲು ಯಾರೂ ಒಪ್ಪದ ಕಾರಣ, ಎರಡೂ ಮನೆಗಳ ಮೇಲೆ 24 ಡಿಬಿಐನ (ಅಲೆಯನ್ನು ಒಂದೇ ದಿಕ್ಕಿಗೆ ಕೂಡಿಸುವುದರ ಅಳತೆ ಅದು) ಜಾಲರಿ ಆಂಟೆನಾ ನಿಲ್ಲಿಸಿ ಗಾಳಿಯಲ್ಲೇ ನೆಟ್ ದಾಟಿಸುವ ಸಾಹಸ ನನ್ನದು. ಆಂಟೆನಾ ಹೊಸದಾಗಿ ಶಕ್ತಿಯನ್ನೇನೂ ಹುಟ್ಟಿಸುವುದಿಲ್ಲ. ರೂಟರ್ ಸುತ್ತಲೂ ಚೆಲ್ಲುವುದನ್ನೇ, ತೋಟದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಂತೆ, ಒಂದು ಕಡೆಗೆ ಚಿಮ್ಮಿಸುತ್ತದೆ. ಅದರ ಮುಖ 10 ಡಿಗ್ರಿ ತಪ್ಪಿದರೆ ಗುರಿ ಅಲ್ಲಿ 260 ಮೀಟರ್ ಪಕ್ಕಕ್ಕೆ ಸರಿದು, ಯಾರದೋ ಕೊಟ್ಟಿಗೆಯ ಎಮ್ಮೆಗೆ ಯೋಗ ಕೂಡಿಬರುತ್ತದೆ.

ಸಾಲದ್ದಕ್ಕೆ ಅಡಿಕೆ ಮರಗಳು. 2.4 ಗಿಗಾಹರ್ಟ್ಸ್ ಅಲೆಗೆ ಮಳೆಹನಿಯ ಭಯವಿಲ್ಲ, ಆದರೆ ಒದ್ದೆ ಎಲೆಗಳು ಅದನ್ನು ಕುಡಿದುಬಿಡುತ್ತವೆ. ಎದುರು ಮನೆ ಕಣ್ಣಿಗೆ ಕಂಡರಷ್ಟೇ ಸಾಲದು. ಅಲೆ ನಡುದಾರಿಯಲ್ಲಿ ಉಬ್ಬಿ ಹರಡುವುದರಿಂದ ಅಲ್ಲಿ ಸುತ್ತಲೂ 7 ಮೀಟರಿನ ಬಹುಪಾಲು ತೆರವಾಗಿರಬೇಕು. ಫಸಲು ಕೊಡುವ ಮರವನ್ನು ಕಡಿಯೆಂದು ಭಾವನಿಗೆ ಹೇಳುವ ಧೈರ್ಯ ನನಗಿಲ್ಲ. ಆಂಟೆನಾ ನಿಂತ ಪೈಪನ್ನೇ ಎತ್ತರಿಸಿದೆವು, ಅದೀಗ ಗಾಳಿಗೆ ತಲೆದೂಗುತ್ತದೆ.

ಇಷ್ಟನ್ನೂ ಸಹಿಸಬಹುದು, ಭಾವನ ಲೆಕ್ಕವನ್ನು ಸಹಿಸುವುದು ಕಷ್ಟ. ಅವರ ಮನೆಯಲ್ಲಿ ಮೊಬೈಲ್ ಸಿಗುವುದಿಲ್ಲ, ಸಿಗುವುದು ರಸ್ತೆಯಂಚಿನ ಹಲಸಿನ ಮರದಡಿಯಲ್ಲಿ. ಹೀಗಾಗಿ ಅವರು ಏಣಿ ಹತ್ತಿ ಆಂಟೆನಾವನ್ನು ಎಳ್ಳಷ್ಟು ತಿರುಗಿಸಿ, ಇಳಿದು, ಕೊಡೆ ಬಿಡಿಸಿ, ಹಲಸಿನ ಮರದವರೆಗೆ ನಡೆದು, "ಈಗ ಎಷ್ಟು?" ಎಂದು ಕೇಳುತ್ತಾರೆ. ಮೊದಲ ಸಲ ನಾನು ಪರದೆಯಲ್ಲಿ ಸಿಗ್ನಲ್ಲಿನ ಬಲ ನೋಡಿ "ಮೈನಸ್ 62" ಎಂದಿದ್ದೆ. ಅದು ಬಹಳ ಒಳ್ಳೆಯ ಸಿಗ್ನಲ್. ಆದರೆ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಆಯುಷ್ಯ ಕಳೆದ ಭಾವನಿಗೆ 62 ಒಪ್ಪಿಗೆಯಾಗಲಿಲ್ಲ. ಮತ್ತೆ ಏಣಿ, ಮತ್ತೆ ಕೊಡೆ, ಮತ್ತೆ ಹಲಸಿನ ಮರ. "ಮೈನಸ್ 78" ಎಂದು ನಾನು ನರಳಿದರೆ, "ನೋಡಿದೆಯಾ ಮಾರಾಯ, ಫಸ್ಟ್ ಕ್ಲಾಸ್!" ಎಂದು ಅವರು ಬೀಗಿದರು. ಮೈನಸ್ಸಿನ ಮುಂದೆ ಅಂಕಿ ಏರಿದಷ್ಟೂ ಸಿಗ್ನಲ್ ಇಳಿಯುತ್ತದೆ, ಅವರು ಈಗ ಬಂದದ್ದರಲ್ಲಿ ನಲವತ್ತರಲ್ಲೊಂದು ಪಾಲನ್ನು ಮಾತ್ರ ಉಳಿಸಿದ್ದಾರೆ ಎಂದು ವಿವರಿಸಿದೆ. "ಸಾಲಕ್ಕೆ ಮೈನಸ್ ಸರಿ, ಗಾಳಿಗೆಂಥ ಮೈನಸ್?" ಎಂದವರು ಮರಳಿ ಏಣಿ ಹತ್ತಿ ಸ್ಪ್ಯಾನರಿನಿಂದ ಬೋಲ್ಟ್ ಬಿಗಿದೇಬಿಟ್ಟರು.

ಈ ಸಂಪರ್ಕ ಬರುವ ಮೊದಲು ಭಾನುವಾರದ ಊಟಕ್ಕೆ ನಾನೇ ಅಲ್ಲಿಗೆ ಹೋಗುತ್ತಿದ್ದೆ. ಈಗ ನೆಟ್ ಸರಿಯಿದ್ದ ದಿನ ಅಕ್ಕ ಪತ್ರೊಡೆಯ ಫೋಟೊ ಕಳಿಸುತ್ತಾಳೆ.

ಇಂದು ಭಾವ ಏಳನೆಯ ಸಲ ಹಲಸಿನ ಮರದಡಿ ಬಂದು ನಿಂತಾಗ ನನ್ನ ಪರದೆಯಲ್ಲಿ ಮೈನಸ್ 62 ಮೂಡಿತ್ತು.

"ಈಗ ಎಷ್ಟು?"

"78 ಬಂತು ಭಾವ. ಇನ್ನು ಮುಟ್ಟಬೇಡಿ," ಎಂದೆ.