ಬಾತ್‌ನ ಹಳೇ ಮನೆಗಳು ಅಂಗಡಿಗಳಾಗಿದ್ದು ಸರೀನಾ?

ಪರ: ಅಂಗಡಿ ಬಂದಿದ್ದಕ್ಕೇ ಮನೆ ನಿಂತಿದೆ

ಇಂಗ್ಲೆಂಡಿನ ಬಾತ್ ಊರಿನ ಮಿಲ್ಸಮ್ ಸ್ಟ್ರೀಟ್‌ನಲ್ಲಿ ನಿಂತು ಸುಮ್ನೆ ತಲೆ ಎತ್ತಿ ನೋಡಿ. ಕೆಳಗೆ ಬಟ್ಟೆ, ಶೂ, ಕಾಫಿ. ಮೇಲೆ ಹೊಸ ಬೆಲ್ಲದ ಬಣ್ಣದ ಕಲ್ಲು, ಸಾಲಾಗಿ ಎತ್ತರದ ಕಿಟಕಿಗಳು. 1760ರ ದಶಕದಲ್ಲಿ ಉಳ್ಳವರು ಇರೋದಕ್ಕೆ ಅಂತಲೇ ಕಟ್ಟಿದ ಬೀದಿ ಇದು.

ಅಂಥ ಮನೆಗಳನ್ನು ಅಂಗಡಿ ಮಾಡಿಬಿಟ್ಟರಲ್ಲ ಅಂತ ಕೊರಗುವವರು, ಯಾವಾಗ ಮಾಡಿದರು ಅಂತ ಕೇಳುವುದೇ ಇಲ್ಲ. ಕಾದಂಬರಿಕಾರ್ತಿ ಜೇನ್ ಆಸ್ಟಿನ್ 1801ರಲ್ಲಿ ಬಾತ್‌ಗೆ ಬಂದು ನೆಲೆಸುವ ಹೊತ್ತಿಗೇ ಇದು ಊರಿನ ಫ್ಯಾಷನ್ ಅಂಗಡಿಗಳ ಬೀದಿ. ಅಂದರೆ ಮನೆಯಾಗಿದ್ದದ್ದು ಹೆಚ್ಚೆಂದರೆ ಮೂವತ್ತು ನಲವತ್ತು ವರ್ಷ, ಅಂಗಡಿಯಾಗಿರುವುದು ಇನ್ನೂರಕ್ಕೂ ಜಾಸ್ತಿ. ಈಗ ಯಾವುದನ್ನು ಹಳೇದು ಅಂತೀರಿ?

ಅದೂ ಎಂಥ ಮನೆ? ಬಿಸಿನೀರಿನ ಬುಗ್ಗೆಗೆ, ಕುಣಿತಕ್ಕೆ, ಇಸ್ಪೀಟಿಗೆ ಬರುವವರು ಸೀಸನ್ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಇದ್ದು ಹೋಗುತ್ತಿದ್ದ ಊರು ಅದು. ಕಟ್ಟಿದವರೂ ಲಾಭಕ್ಕೇ ಕಟ್ಟಿದರು. ನಂಬಿಕೆ ಇಲ್ಲದಿದ್ದರೆ ಅಲ್ಲೇ ಮೇಲಿರುವ, ಬಿಲ್ಲಿನ ಹಾಗೆ ಬಾಗಿದ ಮನೆ ಸಾಲು ರಾಯಲ್ ಕ್ರೆಸೆಂಟ್‌ನ (1767-75) ಹಿಂದುಗಡೆ ಹೋಗಿ. ಮುಂದೆ 30 ಮನೆಗಳೂ ಸೇರಿ ಒಂದೇ ಅರಮನೆ ಥರ ಕಾಣುತ್ತವೆ, ಹಿಂದೆ ಒಂದು ಉಬ್ಬು, ಒಂದು ತಗ್ಗು, ಕಿಟಕಿಗಳು ಒಂದೊಂದು ಮಟ್ಟದಲ್ಲಿ. ಮುಂಭಾಗ ಹೀಗೇ ಇರಬೇಕು ಅಂತ ಅದರ ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್ ಹೇಳಿದ, ಉಳಿದದ್ದು ಆಯಾ ಮನೆ ಕಟ್ಟಿಸಿದವನ ಇಷ್ಟ. ಮುಖ ಬೀದಿಗೆ, ಒಳಗೆ ನಿಮ್ಮಿಷ್ಟ. ಅಂಗಡಿಯವರು ಮಾಡಿದ್ದೂ ಅದನ್ನೇ ಅಲ್ವಾ?

ವಿರೋಧ: ಮೆಟ್ಟಿಲು ಕಿತ್ತ ಮೇಲೆ ಮನೆ ಎಲ್ಲಿ?

ಮುಖವಾದರೂ ಉಳಿದಿದೆಯಾ? ಆಸ್ಟಿನ್ ಕಾಲದ ಅಂಗಡಿ ಅಂದರೆ ಬೀದಿ ಕಡೆಯ ಕೋಣೆ, ಚಿಕ್ಕ ಚಿಕ್ಕ ಗಾಜು ಜೋಡಿಸಿದ ಕಿಟಕಿ. ಅದರಿಂದ ಮನೆಗೆ ಅಂಥಾ ಏಟು ಬೀಳಲಿಲ್ಲ. ಏಟು ಬಿದ್ದದ್ದು ಮುಂದಿನ ಐವತ್ತು ವರ್ಷಗಳಲ್ಲಿ, ದೊಡ್ಡ ಗಾಜಿನ ಹಾಳೆಯೂ ಕಬ್ಬಿಣದ ತೊಲೆಯೂ ಅಗ್ಗವಾದಾಗ. 1845ರಲ್ಲಿ ಗಾಜಿನ ಮೇಲಿನ ಸುಂಕವನ್ನೂ ತೆಗೆದುಹಾಕಿದರು. ಆಮೇಲೆ ಕೇಳಬೇಕಾ, ಕೆಳಗಿನ ಗೋಡೆಯನ್ನೇ ಒಡೆದು, ತೊಲೆ ಕೊಟ್ಟು, ಇಡೀ ಅಗಲಕ್ಕೆ ಗಾಜು ಕೂರಿಸಿದರು.

ಈ ಮನೆಗಳಿಗೆ ನೆಲ ಅಂತಸ್ತೇ ಕಾಲು. ಅದು ಗಟ್ಟಿಯಾಗಿ, ಸಾದಾ ಇರಬೇಕು, ಅದರ ಮೇಲೆ ನಿಂತ ಕಂಬಗಳು ಎರಡು ಅಂತಸ್ತು ಏರಬೇಕು. ಇದೇ ಬೀದಿಯ ಸೊಮರ್‌ಸೆಟ್‌ಶೈರ್ ಬಿಲ್ಡಿಂಗ್ಸ್ ನೋಡಿ, 1780ರ ದಶಕದಲ್ಲಿ ವಾಸ್ತುಶಿಲ್ಪಿ ಥಾಮಸ್ ಬಾಲ್ಡ್ವಿನ್ ಮಾಡಿದ್ದು, ಕಾಪಾಡಬೇಕಾದ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿ ಗ್ರೇಡ್ 1, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆ. ಅಲ್ಲಿಗೆ ಬಂದದ್ದು ಬ್ಯಾಂಕು. ಬ್ಯಾಂಕಿಗೆ ಶೋಕೇಸ್ ಬೇಕಿಲ್ಲವಲ್ಲ, ಹಾಗಾಗಿ ಕಾಲು ಉಳೀತು. ಪಕ್ಕದ ಅಂಗಡಿಗಳ ಮೇಲಿನ ಕಲ್ಲೆಲ್ಲ ಗಾಜಿನ ಮೇಲೆ ತೇಲುತ್ತಿರುವ ಹಾಗೆ ಕಾಣುತ್ತದೆ.

ಒಳಗಿನ ಕಥೆ ಇನ್ನೂ ಬೇಸರದ್ದು. ಇಂಥ ಮನೆಯಲ್ಲಿ ಮುಂದೊಂದು ಕೋಣೆ, ಹಿಂದೊಂದು ಕೋಣೆ, ಪಕ್ಕದಲ್ಲಿ ಮೆಟ್ಟಿಲು. ಅಗಲವೇ ಕಮ್ಮಿ. ಅಂಗಡಿಯವನಿಗೆ ಮೆಟ್ಟಿಲು ಅಂದರೆ ದಂಡ ಹೋದ ಜಾಗ, ಕಿತ್ತರೆ ಇನ್ನೊಂದು ರ‍್ಯಾಕ್ ಹಿಡಿಯುತ್ತದೆ. ಕಿತ್ತರು ಅಂತಿಟ್ಟುಕೊಳ್ಳಿ, ಮೇಲಿನ ಅಂತಸ್ತಿಗೆ ಯಾರು ಹೋಗುತ್ತಾರೆ? ಎಲ್ಲಕ್ಕಿಂತ ಅಂದದ ಗಾರೆ ಕೆಲಸ ಇರುವುದೇ ಅಲ್ಲಿ, ಅತಿಥಿಗಳನ್ನು ಕೂರಿಸುತ್ತಿದ್ದ ಮೊದಲ ಮಹಡಿಯಲ್ಲಿ. ಅದು ರಟ್ಟಿನ ಡಬ್ಬ ತುಂಬುವ ಗೋದಾಮಾಗುತ್ತದೆ, ಇಲ್ಲವೇ ಬೀಗ ಬೀಳುತ್ತದೆ. ಸೂರಿನ ಮಳೆನೀರಿನ ದೋಣಿ ಕಟ್ಟಿಕೊಂಡರೆ ನೋಡುವವರಿಲ್ಲ, ನೀರು ಇಳಿದು ಗಾರೆ ಉದುರಿ ಕೆಳಗಿನ ಸೀಲಿಂಗ್‌ನಲ್ಲಿ ಕಲೆ ಕಾಣಿಸಿದಾಗಲೇ ಗೊತ್ತಾಗುವುದು.

ಒಳಗೆ ನಿಮ್ಮಿಷ್ಟ ಅನ್ನುವ ಮಾತೂ ಈಗ ನಡೆಯುವುದಿಲ್ಲ. 1990ರ ಕಾಯ್ದೆ ಪ್ರಕಾರ ಆ ಪಟ್ಟಿಯಲ್ಲಿರುವ ಕಟ್ಟಡದ ಸ್ವರೂಪಕ್ಕೆ ತಟ್ಟುವಂತೆ ಅನುಮತಿ ಇಲ್ಲದೆ ಏನೇ ಬದಲಾಯಿಸಿದರೂ ಅಪರಾಧ, ಒಳಗಾದರೂ ಸರಿ. ಆದರೆ ವಿಕ್ಟೋರಿಯಾ ಕಾಲದಲ್ಲೇ ಹೋದ ಮೆಟ್ಟಿಲನ್ನು ಯಾವ ಕಾಯ್ದೆ ತಂದುಕೊಡುತ್ತದೆ?