ಕಾಲಂ ನಂಬರ್ ಒಂಬತ್ತು

ನಮ್ಮ ಓಣಿಯ ಕಾಕಾ ಅವರದು ಕಲಬುರಗಿ ರಿಂಗ್ ರೋಡಿನ ಪಕ್ಕ ಸಣ್ಣ ಗ್ಯಾರೇಜು. ಬೈಕ್ ರಿಪೇರಿ ಹೊಟ್ಟೆಪಾಡು. ಏನನ್ನಾದರೂ ಬಿಚ್ಚಿ ಇನ್ನೇನಕ್ಕೋ ಜೋಡಿಸುವುದು ಚಟ. ಊರಲ್ಲಿ ನಾಲ್ಕೆಕರೆ ತೊಗರಿ ಹೊಲ ಇದೆ. ತೊಗರಿ ಎಳೆಯದಿದ್ದಾಗಲೇ ಕುಡಿ ಚಿವುಟಿದರೆ ಪಕ್ಕಕ್ಕೆ ಟೊಂಗೆ ಒಡೆಯುತ್ತವೆ, ಕಾಯಿ ಜಾಸ್ತಿ ಹಿಡಿಯುತ್ತದೆ. ಆದರೆ ಸಾಲು ಸಾಲು ಬಗ್ಗಿ ಚಿವುಟಲು ಆಳು ಸಿಗಬೇಕಲ್ಲ? ಹೋದ ಮಳೆಗಾಲ ಕಾಕಾ ಎಣ್ಣೆ ಹೊಡೆಯುವ ಪಂಪಿನ ಬ್ಯಾಟರಿ, ಒಂದು ಸಣ್ಣ ಮೋಟಾರು, ಪಿವಿಸಿ ಪೈಪು, ಹಳೇ ಮಿಕ್ಸಿ ಬ್ಲೇಡು ಎಲ್ಲ ಸೇರಿಸಿ ಒಂದು ಕೋಲು ಮಾಡಿದರು. ಗುಂಡಿ ಒತ್ತಿದರೆ ಝುಂಯ್ ಅನ್ನುತ್ತದೆ, ಕುಡಿ ಉದುರುತ್ತದೆ. ಹೊಲ ಎರಡು ದಿನದಲ್ಲಿ ಮುಗಿಯಿತು. ಕಾಕು ಮಾತ್ರ ಇನ್ನೂ ಮಿಕ್ಸಿ ಬ್ಲೇಡ್ ಕೇಳುತ್ತಿದ್ದಾರೆ.

ಇದನ್ನು ನೋಡಿದವರೆಲ್ಲ ಅಂದರು, "ಕಾಕಾ, ಹೊಸ ಆಲೋಚನೆಗೆ ಬಹುಮಾನ ಕೊಡ್ತಾರಂತ, ಅರ್ಜಿ ಹಾಕ್ರಿ." ಸರಿ, ನಾನೂ ಜೊತೆಗೆ ಹೋದೆ. ಯಾವ ಕಚೇರಿ ಅಂತ ಕೇಳಬೇಡಿ, ಕಚೇರಿಗಳೆಲ್ಲ ಒಂದೇ ತಾಯಿಯ ಮಕ್ಕಳು. ನಾಲ್ಕು ಪುಟದ ಫಾರ್ಮು, ಮೂರು ಪ್ರತಿ. ಎಂಟು ಕಾಲಂ ಸಲೀಸಾಗಿ ದಾಟಿದೆವು. ಒಂಬತ್ತರಲ್ಲಿ ಪೆನ್ನು ನಿಂತಿತು. "ಸದರಿ ಹೊಸ ಆವಿಷ್ಕಾರವು ಈ ಮೊದಲು ಎಲ್ಲೆಲ್ಲಿ ಜಾರಿಯಲ್ಲಿದೆ? ದಾಖಲೆ ಲಗತ್ತಿಸಿ."

"ಸಾಹೇಬ್ರ, ಹೊಸಾದು ಅಂದ ಮ್ಯಾಲ ಮೊದಲ ಎಲ್ಲಿ ಇರ್ತದ್ರೀ?"

"ಖಾಲಿ ಬಿಟ್ರ ಅರ್ಜಿ ಅಪೂರ್ಣ ಆಗ್ತದ್ರಿ."

ಕಾಕಾ ತಲೆ ಕೆರೆದುಕೊಂಡು, ಇಂಥದ್ದೇ ಬೇರೆ ಕಡೆಯೂ ಯಾರೋ ಮಾಡಿದ್ದಾರಂತೆ ಅಂತ ಬರೆದರು. ಗುಮಾಸ್ತರು ಓದಿ ಕನ್ನಡಕ ತೆಗೆದರು. "ಹಂಗಾದ್ರ ಇದು ಹೊಸಾದೇ ಅಲ್ಲಲ್ರಿ! ರಿಜೆಕ್ಟ್ ಆಗ್ತದ."

ಹೊರಗೆ ಬಂದು ಸುಸಲಾ, ಮಿರ್ಚಿ ಭಜಿ ಹೇಳಿದೆ. ಕಾಕಾ ಬೇಡ ಅಂದರು. ಅಲ್ಸರ್ ಇದೆಯಂತೆ, ಖಾರ ತಿಂದೇ ಬಂದದ್ದಂತೆ. ಇದು ನಮ್ಮೂರಿನ ಖಾತ್ರಿ ನಂಬಿಕೆ. ದೊಡ್ಡ ದೊಡ್ಡ ಡಾಕ್ಟರುಗಳೂ ಬಹಳ ಕಾಲ ಖಾರ, ಚಿಂತೆ, ಹೊಟ್ಟೆಯ ಆಮ್ಲ ಅಂತಲೇ ಹೇಳುತ್ತಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್, ಇಲ್ಲ, ಬಹಳಷ್ಟು ಅಲ್ಸರಿಗೆ ಒಂದು ಬ್ಯಾಕ್ಟೀರಿಯಾ ಕಾರಣ ಅಂದರು. ಅಷ್ಟು ಆಮ್ಲದಲ್ಲಿ ಬ್ಯಾಕ್ಟೀರಿಯಾ ಬದುಕುತ್ತಾ ಅಂತ ತಿಳಿದವರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಕದಡಿದ ನೀರನ್ನು ತಾನೇ ಗಟಗಟ ಕುಡಿದ. ಕೆಲವೇ ದಿನಕ್ಕೆ ವಾಂತಿ, ಹೊಟ್ಟೆಯೊಳಗೆ ಉರಿಯೂತ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮ ಕಚೇರಿಗೆ ಬಂದಿದ್ದರೆ ಬದುಕಿಕೊಳ್ಳುತ್ತಿದ್ದ. ಈ ಮೊದಲು ಯಾರ್ಯಾರು ಕುಡಿದಿದ್ದಾರೆ ಅಂತ ದಾಖಲೆ ಹೊಂದಿಸುವಷ್ಟರಲ್ಲಿ ಲೋಟದಲ್ಲಿದ್ದ ನೀರೇ ಆರಿ ಹೋಗುತ್ತಿತ್ತು.

ವಿಯೆನ್ನಾದ ಡಾಕ್ಟರು ಸೆಮೆಲ್ವೈಸ್‌ಗೆ ಅದೃಷ್ಟ ಅಷ್ಟೂ ಇರಲಿಲ್ಲ. ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸಬೇಡಿ, ಕೈ ತೊಳೆಯಿರಿ ಅಂದ, 1847ರಲ್ಲಿ. ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇದ್ದ ಬಾಣಂತಿಯರ ಸಾವು ಎರಡರ ಆಸುಪಾಸಿಗೆ ಇಳಿಯಿತು. ಡಾಕ್ಟರುಗಳಿಗೆ ಅವಮಾನವಾಯಿತು. ನಮ್ಮ ಕೈ ಕೊಳಕಾ? 1865ರಲ್ಲಿ ಅವನು ಹುಚ್ಚಾಸ್ಪತ್ರೆಯಲ್ಲಿ ಸತ್ತ.

ಅಷ್ಟು ದೂರ ಯಾಕೆ, ಬೀದರ್‌ಗೇ ಹೋಗಿ. ನೌಬಾದಿನಲ್ಲಿ ನೆಲದಡಿ ಸುರಂಗ ಕೊರೆದು ನೀರು ತಂದಿದ್ದಾರೆ, ಬಹಮನಿಗಳ ಕಾಲದ್ದು. ಕರೇಜ್ ಅನ್ನುತ್ತಾರೆ. ವಿದ್ಯೆ ಇರಾನಿನದು. ಅವರಿಗೆ ಕಾಲಂ ಒಂಬತ್ತು ಸುಲಭವಿತ್ತು ಬಿಡಿ. ಇರಾನಿನಿಂದಲೇ ಬಂದು ಬಹಮನಿಗಳ ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಮದರಸಾ ಕಟ್ಟಿಸಿದ. ನಾಲ್ಕು ಪ್ರಾಂತಗಳನ್ನು ಎಂಟು ಮಾಡಿ ದೊಡ್ಡವರ ಕೈ ಗಿಡ್ಡ ಮಾಡಿದ. ದೊಡ್ಡವರು ಸುಮ್ನೆ ಇರ್ತಾರಾ? ಗವಾನನದೇ ಮೊಹರು ಬಿದ್ದ ಖಾಲಿ ಕಾಗದ ಸಂಪಾದಿಸಿ, ಅದರ ಮೇಲೆ ದ್ರೋಹದ ಪತ್ರ ಬರೆದು ಸುಲ್ತಾನನಿಗೆ ಕೊಟ್ಟರು. ದಾಖಲೆ ಪಕ್ಕಾ, ಮೊಹರು ಪಕ್ಕಾ. 1481ರಲ್ಲಿ ತಲೆ ಹೋಯಿತು. ಫೈಲು ಅಷ್ಟು ಚುರುಕಾಗಿ ಓಡಿದ್ದು ನಮ್ಮ ಸೀಮೆಯಲ್ಲಿ ಬಹುಶಃ ಅದೇ ಕೊನೆ.

ಈ ನಡುವೆ ಬಹುಮಾನದ ಸಮಾರಂಭವೂ ಆಯಿತು. ಆಮಂತ್ರಣ ಪತ್ರಿಕೆಯಲ್ಲಿ ಇಪ್ಪತ್ಮೂರು ಗಣ್ಯರ ಹೆಸರು. ಬಹುಮಾನ ಪಡೆಯುವವರು "ಮತ್ತಿತರರು". ಭಾಷಣ ಮಾಡಿದ ಐದು ಮಂದಿಯೂ ನ್ಯೂಟನ್ ತಲೆ ಮೇಲೆ ಸೇಬು ಬೀಳಿಸಿದರು. ಒಬ್ಬರು ಎರಡು ಬೀಳಿಸಿದರು. ಇದು ಹನ್ನೆರಡನೇ ಶತಮಾನದಲ್ಲೇ ಪ್ರಶ್ನೆ ಕೇಳಿದ ಕಲ್ಯಾಣದ ನಾಡು ಅಂದರು, ಚಪ್ಪಾಳೆ ಬಿತ್ತು. ಕಾಕಾ ಪ್ರಶ್ನೆ ಕೇಳಲು ಕೈ ಎತ್ತಿದರು. ಸಮಯದ ಅಭಾವ ಇತ್ತು.

ವಾಪಸ್ ಬರುವಾಗ ಸಮಾಧಾನಕ್ಕೆ ಸನ್ನತಿಯ ಕಥೆ ಹೇಳಿದೆ. ಚಿತ್ತಾಪುರ ತಾಲೂಕಿನ ಸನ್ನತಿ, ಚಂದ್ರಲಾಂಬಾ ಗುಡಿ. ಅಲ್ಲೇ ಕಾಳಿಯ ಗುಡಿ ಇತ್ತು. 1986ರಲ್ಲಿ ಅದರ ಮಾಳಿಗೆ ಕುಸಿಯಿತು. ನೋಡಿದರೆ ಮೂರ್ತಿಯ ಕೆಳಗಿನ ಪೀಠವೇ ಅಶೋಕನ ಶಾಸನ! ಮೂರ್ತಿ ಕೂರಿಸಲು ನಡುವೆ ತೂತು ಬೇರೆ ಕೊರೆದಿದ್ದರು. ಬರೆಸಿ ಎರಡು ಸಾವಿರದ ಇನ್ನೂರು ವರ್ಷದ ಮೇಲಾಗಿತ್ತು. ಅಷ್ಟು ದೊಡ್ಡ ಚಕ್ರವರ್ತಿಯ ಕಾಗದವೂ ನಮ್ಮಲ್ಲಿ ಮೂವ್ ಆಗಿದ್ದು ಮಾಳಿಗೆ ಬಿದ್ದ ಮೇಲೇ.

ಕಾಕಾ ಏನೂ ಮಾತಾಡಲಿಲ್ಲ.

ಹೋದ ವಾರ ಅರ್ಜಿ ಏನಾಯಿತು ಅಂತ ಮತ್ತೆ ಹೋದೆವು. ಗುಮಾಸ್ತರು ರ‍್ಯಾಕು, ಟೇಬಲ್ಲು, ಡ್ರಾಯರು ಎಲ್ಲ ಹುಡುಕಿದರು. ಸಿಗಲಿಲ್ಲ. ಕಾಕಾ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ಕಂಡಿತು. ಮೂಲೆಯಲ್ಲಿದ್ದ ಕಬ್ಬಿಣದ ಬೀರುವಿಗೆ ಒಂದು ಕಾಲು ಗಿಡ್ಡ. ಅದರ ಕೆಳಗೆ ನಾಲ್ಕು ಮಡಿಕೆಯಾಗಿ, ತೊಗರಿ ಕೋಲಿನ ಫೋಟೋ ಅರ್ಧ ಹೊರಗೆ ಇಣುಕುತ್ತಾ, ಮೂರೂ ಪ್ರತಿ.

ನಾನು ಎಳೆಯಲು ಹೋದೆ. ಕಾಕಾ ಕೈ ಹಿಡಿದರು. ಮೇಲೆ ನೋಡಿದರು. ಮಾಳಿಗೆಯ ಗಿಲಾವು ಉದುರಿ ಸರಳು ಕಾಣುತ್ತಿತ್ತು, ಒಂದು ಕಡೆ ನೀರಿನ ದೊಡ್ಡ ಕಲೆ.

"ಇರ್ಲಿ ಬಿಡು ತಮ್ಮಾ," ಅಂದರು, "ಈ ಮಳಿಗಾಲಕ್ಕ ಮೂವ್ ಆಗ್ತದ."