ನೆಲನೆಲ್ಲಿಯಲ್ಲಿ ವೈರಸ್‌ಗೆ ಮದ್ದು ಹುಡುಕುತ್ತಲೇ ಇರಬೇಕೇ? ಪರ–ವಿರೋಧ

ಪರ: ಹುಡುಕಾಟ ಅರ್ಧಕ್ಕೇ ನಿಂತಿದೆ

ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ, ತೋಟದ ನೆರಳಲ್ಲಿ, ಪೇಟೆಯ ಫುಟ್‌ಪಾತ್ ಸಂದಿಯಲ್ಲೂ ತಾನಾಗಿ ಏಳುವ ಗಿಡ ನೆಲನೆಲ್ಲಿ. ಕಾಮಾಲೆ ಬಂದವರಿಗೆ ಇದನ್ನು ಬೇರು ಸಮೇತ ಕಿತ್ತು ಅರೆದು, ಹಾಲಲ್ಲೋ ಮಜ್ಜಿಗೆಯಲ್ಲೋ ಕಲಸಿ ಖಾಲಿ ಹೊಟ್ಟೆಗೆ ಕೊಡುವುದು ತಲೆಮಾರುಗಳಿಂದ ನಡೆದುಬಂದಿದೆ. ಇದನ್ನು ಬರೀ ನಂಬಿಕೆ ಎಂದು ತಳ್ಳಿಹಾಕುವವರಿಗೆ ಒಂದು ಹೆಸರು ನೆನಪಿಸಬೇಕು. ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ವೈರಸ್ಸಿನ ಗುರುತು ಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಕೂಡ ಈ ಗಿಡದ ಬೆನ್ನು ಹತ್ತಿದ್ದರು.

ಅವರ ತಂಡ ಮೊದಲು ಲ್ಯಾಬಿನಲ್ಲಿ ನೋಡಿತು. ವೈರಸ್ ತನ್ನ ಡಿಎನ್‌ಎ ನಕಲು ಮಾಡಿಕೊಳ್ಳಲು ಬಳಸುವ ಕಿಣ್ವವನ್ನು ಗಿಡದ ಸಾರ ತಡೆಯಿತು. ಆಮೇಲೆ ಅಮೆರಿಕದ ವುಡ್‌ಚಕ್ ಎಂಬ ಪ್ರಾಣಿಯಲ್ಲಿ ಪ್ರಯೋಗ ಮಾಡಿದರು. ಹೆಪಟೈಟಿಸ್ ಬಿಗೆ ತೀರಾ ಹತ್ತಿರದ ವೈರಸ್ ಅದಕ್ಕೂ ತಗಲುತ್ತದೆ. ಅಲ್ಲೂ ವೈರಸ್ ಇಳಿಯಿತು. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಬ್ಲೂಂಬರ್ಗ್ ತಂಡದ ವರದಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಒಣಗಿಸಿದ ಗಿಡದ ಪುಡಿಯನ್ನು 30 ದಿನ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಮದ್ದಿಲ್ಲದ ಗುಳಿಗೆ ಪಡೆದ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ.

ಆಮೇಲೆ ಥಾಯ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ಮಾಡಿದ ಪ್ರಯೋಗಗಳಲ್ಲಿ ಈ ಫಲ ಸಿಗಲಿಲ್ಲ, ನಿಜ. ಆದರೆ ಎಲ್ಲ ಕಡೆ ಕೊಟ್ಟದ್ದು ಒಂದೇ ಮದ್ದು ಅಂತ ಹೇಗೆ ಹೇಳುವುದು? ಮಣ್ಣು, ಹವೆ, ಕೊಯ್ಲಿನ ಕಾಲ, ಒಣಗಿಸುವ ರೀತಿ ಬದಲಾದರೆ ಗಿಡದೊಳಗಿನ ಸತ್ವವೂ ಬದಲಾಗುತ್ತದೆ. ಜಾತಿಯನ್ನು ಗುರುತಿಸುವುದೂ ಸುಲಭವಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ನೋಡಿ. ದಕ್ಷಿಣ ಭಾರತದ ಗ್ರಂಧಿಗೆ ಅಂಗಡಿಗಳಿಂದ ತಂದ ನೆಲನೆಲ್ಲಿಯಲ್ಲಿ ಶೇ 76 ಮಾದರಿಗಳು ಸರಿಯಾದ ಜಾತಿಯವು. ಉಳಿದವುಗಳಲ್ಲಿ ಅದೇ ಕುಲದ ಬೇರೆ ಬೇರೆ ಗಿಡಗಳಿದ್ದವು. ಗಿಡ ಯಾವುದು, ಅದರೊಳಗಿನ ಯಾವ ವಸ್ತು ಎಷ್ಟಿದೆ ಅಂತ ಗಟ್ಟಿ ಮಾಡಿಕೊಳ್ಳದೆ ನಡೆಸಿದ ಪ್ರಯೋಗ ಸೋತರೆ, ಸೋತದ್ದು ಗಿಡವೋ ತಯಾರಿಯೋ?

ಚೀನಾದ ವಿಜ್ಞಾನಿ ತು ಯೂಯೂ ಅವರಿಗೂ ಇದೇ ಆಗಿತ್ತು. ಮಲೇರಿಯಾಕ್ಕೆ ಅವರು ಹಿಡಿದ ಗಿಡ ಮೊದಮೊದಲು ಸರಿಯಾಗಿ ಕೆಲಸ ಮಾಡಲಿಲ್ಲ. ಬಿಸಿ ಮಾಡುವಾಗ ಸತ್ವ ಹಾಳಾಗುತ್ತಿದೆ ಅಂತ ಅವರಿಗೆ ಹೊಳೆಯಿತು. 1971ರಲ್ಲಿ ಕಡಿಮೆ ಶಾಖದಲ್ಲಿ ಈಥರ್ ಬಳಸಿ ಸಾರ ತೆಗೆದರು. ಮಲೇರಿಯಾದ ಮದ್ದು ಆರ್ಟೆಮಿಸಿನಿನ್ ಸಿಕ್ಕಿದ್ದು ಹಾಗೆ. ಮಲೇರಿಯಾ ವೈರಸ್ ಕಾಯಿಲೆಯಲ್ಲ, ಒಪ್ಪುತ್ತೇನೆ. ಆದರೆ ವೈರಸ್ಸಿನಿಂದ ಬರುವ ಗುಪ್ತಾಂಗದ ನರುಲಿಗೆ ಹಸಿರು ಚಹಾ ಎಲೆಯ ಸಾರದಿಂದ ಮಾಡಿದ ಮುಲಾಮನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲಿ ಒಪ್ಪಿತು. ಗಿಡದ ಮದ್ದು ಕಟ್ಟುನಿಟ್ಟಿನ ಪರೀಕ್ಷೆ ದಾಟಬಲ್ಲದು.

ದಾಟಲೇಬೇಕಾದ ಅಗತ್ಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್ ಬಿ ಇದ್ದವರು 2.98 ಕೋಟಿ. ಈಗಿನ ಟೆನೊಫೊವಿರ್ ಮಾತ್ರೆ ವೈರಸ್ಸನ್ನು ಅದುಮಿಡುತ್ತದೆ, ಆದರೆ ಹೊರಗೆ ಹಾಕುವುದು ಬಲು ಅಪರೂಪ. ಲಿವರ್ ಕೋಶದ ಒಳಗೆ ವೈರಸ್ಸಿನ ಡಿಎನ್‌ಎ ಅಡಗಿ ಕೂತಿರುತ್ತದೆ. ಹಾಗಾಗಿ ಬಹಳ ಜನ ವರ್ಷಗಟ್ಟಲೆ, ಕೆಲವರು ಜೀವನಪೂರ್ತಿ ಮಾತ್ರೆ ನುಂಗಬೇಕು. ಪೂರ್ತಿ ಗುಣವಾಗುವ ದಾರಿ ಬೇಕೇ ಬೇಕು. ನಮ್ಮ ಹೊಲದಲ್ಲೇ ಒಂದು ಸುಳಿವು ಇರುವಾಗ ಅದನ್ನು ಒಂದು ಸಲವಾದರೂ ಸರಿಯಾಗಿ, ಒಂದೇ ಜಾತಿ, ಒಂದೇ ಅಳತೆ ಇಟ್ಟುಕೊಂಡು, ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿ ಬಿಡೋಣ.

ವಿರೋಧ: ಆ ಹಣಕ್ಕೆ, ಆ ಸಮಯಕ್ಕೆ ಬೇರೆ ಕೆಲಸ ಕಾದಿದೆ

ನೆಲನೆಲ್ಲಿಗೆ ಹೆಸರು ಬಂದದ್ದು ಎಲ್ಲಿಂದ ಅಂತ ಮೊದಲು ನೋಡಬೇಕು. ನಮ್ಮಲ್ಲಿ ಕಾಮಾಲೆ ಜಾಸ್ತಿ ಬರುವುದು ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳಿಂದ. ಕೊಳಕು ನೀರು, ಕೊಳಕು ಆಹಾರದಿಂದ ಹರಡುವ ಇವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿ ವಾಸಿಯಾಗುತ್ತವೆ. (ಬಸುರಿಯರಿಗೆ ಇ ತುಂಬಾ ಅಪಾಯ, ಅದು ಬೇರೆ ಮಾತು.) ಕಣ್ಣು ಹಳದಿಯಾಗಿದೆ, ಮದ್ದು ಕುಡಿದರು, ಪಥ್ಯ ಮಾಡಿದರು, ಹದಿನೈದು ದಿನಕ್ಕೆ ಹಳದಿ ಇಳಿಯಿತು. ಮದ್ದು ಕುಡಿಯದಿದ್ದರೂ ಇಳಿಯುತ್ತಿತ್ತು! ಹಳ್ಳಿಯಲ್ಲಿ ಮದ್ದು ಕೊಡುವವರು ಮೋಸ ಮಾಡುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಅವರ ಕಣ್ಣೆದುರೇ ಜನ ವಾಸಿಯಾಗುತ್ತಾರೆ, ನಂಬದೆ ಏನು ಮಾಡುತ್ತಾರೆ?

ಹೆಪಟೈಟಿಸ್ ಬಿ ಹಾಗಲ್ಲ. ಹುಟ್ಟುವಾಗ ತಾಯಿಯಿಂದ ಬಂದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ಕಣ್ಣು ಹಳದಿಯಾಗುವುದಿಲ್ಲ, ನೋವಿಲ್ಲ. ದಶಕಗಳ ನಂತರ ಲಿವರ್ ಗಟ್ಟಿಯಾಗಿ ಹೊಟ್ಟೆಯಲ್ಲಿ ನೀರು ತುಂಬಿದಾಗಲೋ, ಕ್ಯಾನ್ಸರ್ ಆದಾಗಲೋ ಗೊತ್ತಾಗುತ್ತದೆ. ಎ, ಇ ಗುಣವಾದ ಅನುಭವವನ್ನು ತಂದು ಬಿ ಮೇಲೆ ಹೊರಿಸುವುದು ಸರಿಯಲ್ಲ.

1988ರ ಪ್ರಯೋಗ ಚಿಕ್ಕದು, ರೋಗಿಗಳನ್ನು ಗಮನಿಸಿದ ಅವಧಿಯೂ ಕಡಿಮೆ. ಅಷ್ಟು ದೊಡ್ಡ ಫಲ ಬೇರೆಯವರ ಕೈಯಲ್ಲಿ ಮರುಕಳಿಸಲಿಲ್ಲ. 2011ರಲ್ಲಿ ಕಾಕ್ರೇನ್ ಸಂಸ್ಥೆಯವರು ಅಲ್ಲಿವರೆಗಿನ ಪ್ರಯೋಗಗಳನ್ನೆಲ್ಲ ಕೂಡಿಸಿ ತೂಗಿ, ಖಾಲಿ ಗುಳಿಗೆಗಿಂತ ಇದು ಮೇಲು ಎನ್ನಲು ನಂಬುವಂಥ ಆಧಾರ ಸಿಗಲಿಲ್ಲ ಎಂದರು. ಪ್ರತಿ ಸಲ ಸೋತಾಗಲೂ ಜಾತಿ ಸರಿ ಇರಲಿಲ್ಲ, ಕಾಲ ಸರಿ ಇರಲಿಲ್ಲ ಅಂತ ಹೇಳುತ್ತಾ ಹೋದರೆ ಯಾವ ಗಿಡವೂ ಯಾವತ್ತೂ ಸೋಲುವುದೇ ಇಲ್ಲ, ಅಲ್ವಾ?

ಗಾಜಿನ ತಟ್ಟೆಯಲ್ಲಿ ವೈರಸ್ ಸತ್ತಿತು ಅನ್ನುವ ಸುದ್ದಿಗೂ ಜಾಸ್ತಿ ಬೆಲೆ ಕೊಡಬಾರದು. ಅರಿಶಿನದ ಕರ್ಕ್ಯುಮಿನ್ ಲ್ಯಾಬಿನಲ್ಲಿ ಹೆಚ್ಚುಕಡಿಮೆ ಎಲ್ಲ ಪರೀಕ್ಷೆಯಲ್ಲೂ ಫಲ ತೋರಿಸುತ್ತದೆ. ಪರೀಕ್ಷೆಯನ್ನೇ ದಾರಿ ತಪ್ಪಿಸುವ ಗುಣ ಅದಕ್ಕಿದೆ ಎಂದು ರಸಾಯನ ತಜ್ಞರು ಎಚ್ಚರಿಸಿದ್ದಾರೆ. ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಇನ್ನು ಪಲಾವಿಗೆ ಹಾಕುವ ಚಕ್ರಮೊಗ್ಗು. ಅದರ ಶಿಕಿಮಿಕ್ ಆಮ್ಲದಿಂದಲೇ ಫ್ಲೂ ಮಾತ್ರೆ ಟ್ಯಾಮಿಫ್ಲೂ ತಯಾರಿಸುತ್ತಿದ್ದರು. ಆದರೆ ಆ ಆಮ್ಲಕ್ಕೆ ತಾನಾಗಿ ಫ್ಲೂ ತಡೆಯುವ ಶಕ್ತಿ ಇಲ್ಲ. ಹಲವು ಹಂತಗಳ ರಸಾಯನ ಕ್ರಿಯೆ ಆದ ಮೇಲೆಯೇ ಅದು ಮದ್ದಾಗುವುದು. ಕಷಾಯ ಕುಡಿದವರಿಗೆ ಅದು ಸಿಗುವುದಿಲ್ಲ.

ಗಿಡದ್ದು, ಏನೂ ಆಗಲ್ಲ ಎನ್ನುವ ಮಾತು ನನ್ನನ್ನು ನಿಜಕ್ಕೂ ಹೆದರಿಸುತ್ತದೆ. ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಅಮೃತಬಳ್ಳಿ ಕಷಾಯ ಕುದಿಯಿತು. ಆ ಹೊತ್ತಿನಲ್ಲೇ ಅದನ್ನು ಕುಡಿದ ಕೆಲವರ ಲಿವರ್‌ಗೆ ಪೆಟ್ಟು ಬಿದ್ದಿದೆ ಎಂದು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಮರುವರ್ಷ ದೇಶದ ಹಲವು ಆಸ್ಪತ್ರೆಗಳ 43 ರೋಗಿಗಳ ವಿವರ ಪ್ರಕಟವಾಯಿತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಆದರೂ ಮೊದಲೇ ಲಿವರ್ ಸೋತವರ ಮೇಲೆ ಗೊತ್ತಿಲ್ಲದ ಸಾರ ಪ್ರಯೋಗಿಸುವ ಮುನ್ನ ಈ ವರದಿಗಳನ್ನು ಓದಲೇಬೇಕು.

ಟೆನೊಫೊವಿರ್ ವೈರಸ್ಸನ್ನು ಹೊರಹಾಕುವುದಿಲ್ಲ ಎಂಬುದು ಸರಿ. ಆದರೆ ಲಿವರ್ ಹಾಳಾಗುವುದನ್ನು ತಡೆಯುತ್ತದೆ, ಕ್ಯಾನ್ಸರ್ ಅಪಾಯ ಇಳಿಸುತ್ತದೆ. ದಿನಕ್ಕೊಂದು ಮಾತ್ರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಚಿಕಿತ್ಸೆ ಎರಡೂ ಪುಕ್ಕಟೆ. ಮದ್ದು ಇದೆ, ಅದು ಬೇಕಾದವರಲ್ಲಿ ಹೆಚ್ಚಿನವರಿಗೆ ತಮಗೆ ಕಾಯಿಲೆ ಇರುವುದೇ ಗೊತ್ತಿಲ್ಲ. ನಮ್ಮ ಕೊರತೆ ಇರುವುದು ಅಲ್ಲಿ. ಒಂದು ರೂಪಾಯಿ ಜಾಸ್ತಿ ಸಿಕ್ಕರೂ ಅದು ಬಸುರಿಯರ ರಕ್ತಪರೀಕ್ಷೆಗೆ ಹೋಗಲಿ. ಮನೆಯಲ್ಲಿ ಒಬ್ಬರಿಗೆ ಬಿ ಇದೆ ಎಂದು ಗೊತ್ತಾದರೆ ಉಳಿದವರನ್ನೂ ಕರೆದು ಪರೀಕ್ಷಿಸಲಿ. ಹುಟ್ಟಿದ ಪ್ರತಿ ಮಗುವಿಗೂ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಬೀಳಲಿ, ಹೆರಿಗೆ ಮನೆಯಲ್ಲೇ ಆಗಿದ್ದರೂ ಸರಿ.